ಇನ್ನೂರು ಕ್ಯಾಂಡಲ್ ಬಲ್ಬು

ಕಾರ್ತೀಕ ಮಾಸದಲ್ಲಿ ಸಿರಿಗೇರಿಯಲ್ಲಿ ದೀಪ ಹಚ್ಚಿಕೊಂಡು ಉಣ್ಣಲು ಕೂರುವವನು ಒಂದೋ ಹೊರ ಊರಿನವನಾಗಿರಬೇಕು, ಇಲ್ಲವೇ ಹುಚ್ಚನಾಗಿರಬೇಕು. ಕಾಲುವೆಯ ನೀರು ಕುಡಿದು ಭತ್ತ ಹಾಲುಗಟ್ಟುವ ಹೊತ್ತಿಗೆ ಎಳ್ಳುಕಾಳಿನಷ್ಟಿರುವ ಹಸಿರು ಹುಳಗಳು ಗದ್ದೆ ತುಂಬ ಆಗುತ್ತವೆ. ಹಗಲೆಲ್ಲ ಪೈರಿನ ಬುಡದಲ್ಲಿ ಸಾಧುಗಳಂತೆ ಕೂತಿರುತ್ತವೆ. ಕತ್ತಲಾದ ಮೇಲೆ ಎಲ್ಲಾದರೂ ಒಂದು ದೀಪ ಕಂಡಿತೋ, ಊಟಕ್ಕೆ ಡಂಗುರ ಸಾರಿ ಕರೆದಂತೆ ಬಂದು ಬೀಳುತ್ತವೆ. ಕಣ್ಣು, ಕಿವಿ, ಸಾರಿನ ಗಡಿಗೆ, ಆಕಳಿಸಿದವನ ಬಾಯಿ, ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಆ ಊರಿನವರು ಆ ದಿನಗಳಲ್ಲಿ ಹೊತ್ತು ಮುಳುಗುವ ಮುಂಚೆಯೇ ಉಂಡು, ದೀಪ ಆರಿಸಿ, ಕಟ್ಟೆಯ ಮೇಲೆ ಕತ್ತಲಲ್ಲಿ ಕೂತು ಮಂದಿಯ ಸುದ್ದಿ ಮಾತಾಡುತ್ತಾರೆ. ಮಂದಿಯ ಸುದ್ದಿಗೆ ಬೆಳಕು ಬೇಕಾಗಿಲ್ಲ.

ಸುಂಕಮ್ಮನಿಗೆ ಇದು ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳು ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲ ಅದೇ ಕೇರಿಯಲ್ಲಿ. ಹುಳದ ಸಂಗತಿ ಅವಳಿಗೆ ಗೊತ್ತಿದ್ದಷ್ಟು ಹುಳಕ್ಕೂ ಗೊತ್ತಿರಲಾರದು. ಆದರೂ ಆ ವರ್ಷ ಕಾರ್ತೀಕದ ಒಂದು ಸಂಜೆ ಅವಳು ಹಚ್ಚಿದ್ದು ಸಾಮಾನ್ಯ ದೀಪವಲ್ಲ, ಇನ್ನೂರು ಕ್ಯಾಂಡಲ್ ಬಲ್ಬು, ಈಗಿನವರ ಮಾತಲ್ಲಿ ಇನ್ನೂರು ವ್ಯಾಟು. ಅದೂ ಬೀಗರಾಗಬೇಕಾದವರು ಎಲೆಯ ಮುಂದೆ ಕೂತಿದ್ದಾಗ.

ಸರಕಾರ ಬಡವರ ಮನೆಗಳಿಗೆ ಭಾಗ್ಯಜ್ಯೋತಿ ಎಂದು ಪುಕ್ಕಟೆ ಕರೆಂಟು ಕೊಡಲು ಶುರು ಮಾಡಿದ್ದ ಹೊಸತು ಅದು. ಸುಂಕಮ್ಮನ ಮನೆಗೂ ಒಂದು ವೈರು ಬಂತು, ವೈರಿನ ತುದಿಗೆ ಒಂದು ಬಲ್ಬು ಬಂತು, ಬಲ್ಬಿನ ಬೆನ್ನಿಗೆ ಕಾಯಿದೆ ಬಂತು. ಕಾಯಿದೆಯನ್ನು ಹೊತ್ತು ತಂದವನು ಲೈನ್‌ಮನ್ ಚಿದಾನಂದಪ್ಪ. ಸಿರಿಗೇರಿ ಕ್ರಾಸಿನಲ್ಲಿ ಅವನ ಮನೆ. ಹಣೆ ತುಂಬ ವಿಭೂತಿ ಹಚ್ಚಿ, ಸೈಕಲ್ಲಿನ ಹ್ಯಾಂಡಲಿಗೆ ಕಟಿಂಗ್ ಪ್ಲೇಯರು ತೂಗುಬಿಟ್ಟು, ಮನೆಯಿಂದ ಮನೆಗೆ ಮಂತ್ರ ಹೇಳಿದ ಹಾಗೆ ಹೇಳಿಕೊಂಡು ಹೋದ.

"ಒಂದು ಮನಿ, ಒಂದು ಬಲ್ಬು, ನಲವತ್ತು ಕ್ಯಾಂಡಲ್ಲು. ಎರಡನೇ ಬಲ್ಬು ಕಂಡ್ರ ಲೈನ್ ಕಟ್. ನಲವತ್ತರ ಮ್ಯಾಲೆ ಒಂದು ಕ್ಯಾಂಡಲ್ ಹೆಚ್ಚಾದ್ರೂ ಲೈನ್ ಕಟ್."

"ಯಾಕ್ರೀ ನಲವತ್ತ? ಐವತ್ತು ಹಚ್ಚಿದ್ರ ಸರಕಾರದ್ದು ಏನ್ ಗಂಟು ಹೋಗ್ತೈತಿ?" ಎಂದು ಸುಂಕಮ್ಮ ಕೇಳಿದಳು.

"ಡ್ಯಾಮಿನ್ಯಾಗ ನೀರಿದ್ದಷ್ಟ ಕರೆಂಟು ಸುಂಕಮ್ಮ. ಎಲ್ಲಾರೂ ನೂರು ನೂರು ಹಚ್ಚಿದ್ರ ಬ್ಯಾಸಿಗಿಯಾಗ ಗದ್ದಿಗೂ ನೀರಿಲ್ಲ, ಬಲ್ಬಿಗೂ ನೀರಿಲ್ಲ."

"ಬಲ್ಬೂ ನೀರು ಕುಡಿತೈತೇನು?"

"ಕುಡಿತೈತಿ. ನಿಂದು ನಲವತ್ತು ಗುಟುಕು ಕುಡಿತೈತಿ."

ಸುಂಕಮ್ಮ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದಳು. "ಅಂದ್ರ ನಿಮ್ಮ ಡ್ಯಾಮಿನ ನೀರಿಂದ ಭತ್ತ, ಭತ್ತದಿಂದ ಹುಳ. ಅದ ನೀರಿಂದ ಕರೆಂಟು, ಕರೆಂಟಿಂದ ದೀಪ. ಹುಳಾನೂ ನೀವ ಕಳಿಸಿದ್ರಿ, ಅದನ್ನ ಕರಿಯೋ ದೀಪಾನೂ ನೀವ ಕಳಿಸಿದ್ರಿ. ಚಲೋ ಜೋಡಿ ಹಾಕೀರಿ."

ಚಿದಾನಂದಪ್ಪ ಸೈಕಲ್ ಹತ್ತಿದ. ಬೆಲ್ಲು ಬಾರಿಸಿಕೊಂಡು ಮುಂದಿನ ಮನೆಗೆ ಹೋದ.

ಬಲ್ಬು ಬಂದ ಮನೆಗೆ ಸೊಸೈಟಿಯಲ್ಲಿ ಸೀಮೆಎಣ್ಣೆ ಅರ್ಧಕ್ಕೆ ಇಳಿಯಿತು. ಕರೆಂಟು ಕೈಕೊಟ್ಟಾಗ ಹೊಂಗೆಎಣ್ಣೆಯ ಹಣತೆಯೇ ಗತಿ. ಅದರ ಹೊಗೆಗೆ ಸೊಳ್ಳೆ ಬರುವುದಿಲ್ಲ, ಹುಳ ಬರುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಇತ್ತ ಕೇರಿಗೆ ಅಂಟಿದ ಗದ್ದೆಯ ಯಜಮಾನ ವಿರೂಪಾಕ್ಷಪ್ಪ, "ಕೇರಿಯಾಗ ದೀಪ ಬಂದ ಮ್ಯಾಲೆ ಊರ ಹುಳ ಎಲ್ಲಾ ನನ್ನ ಗದ್ದಿಗೆ ಇಳ್ಯಾಕತ್ತಾವ" ಎಂದು ತಕರಾರು ತೆಗೆದ. "ಗದ್ದಿ ನಿಮ್ದು, ಹುಳ ನಿಮ್ದು. ನಿಮ್ಮ ಹುಳ ನೀವು ಕಟ್ಟಿಹಾಕ್ಕೊಳ್ರಿ ಗೌಡ್ರ" ಎಂದಳು ಸುಂಕಮ್ಮ. ಅವಳ ಮಗ ಮಾರೆಣ್ಣ ಅದೇ ವಿರೂಪಾಕ್ಷಪ್ಪನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಆ ಸಂಜೆಯೆಲ್ಲ ಅವನು ತಾಯಿಯ ಮುಖ ನೋಡಲಿಲ್ಲ.

ಇನ್ನು ಬೀಗರ ಸಂಗತಿ. ಗೌಡರ ಮನೆಯ ಬುನಾದಿಗೆ ಕಲ್ಲು ತರಲು ಮಾರೆಣ್ಣ ಟ್ರ್ಯಾಕ್ಟರ್ ಹೊಡೆದುಕೊಂಡು ಕುರುಗೋಡಿಗೆ ಹೋಗಿದ್ದ. ಅಲ್ಲಿ ಗುಡ್ಡದ ಬುಡದಲ್ಲಿ, ಒಂದು ಸಣ್ಣ ಕೇರಿಯ ಮುಂದೆ, ಬಂಡೆಗಳ ಮೇಲೆ ಒಗೆದ ಕೌದಿಗಳು ಒಣಗುತ್ತಿದ್ದವು. ಟ್ರ್ಯಾಕ್ಟರ್ ಎಬ್ಬಿಸಿದ ಧೂಳೆಲ್ಲ ಅವುಗಳ ಮೇಲೆ ಕೂತಿತು. ಒಬ್ಬ ಹುಡುಗಿ ಓಡಿ ಬಂದು ಟ್ರ್ಯಾಕ್ಟರಿನ ಮುಂದೆಯೇ ನಿಂತಳು.

"ಕಣ್ಣು ನೆತ್ತಿ ಮ್ಯಾಲೆ ಅದಾವೇನು? ಇವನ್ನೆಲ್ಲ ನಿಮ್ಮವ್ವ ಬಂದು ಒಗೀತಾಳೇನು?"

ಮಾರೆಣ್ಣ ಮನೆಗೆ ಬಂದು ಉಣ್ಣಲಿಲ್ಲ. ಮಾರನೆಯ ದಿನವೂ ಸರಿಯಾಗಿ ಉಣ್ಣಲಿಲ್ಲ. ಸುಂಕಮ್ಮ ಗದರಿಸಿ ಕೇಳಿದ ಮೇಲೆ ಬಾಯಿ ಬಿಟ್ಟ.

"ನನ್ನೂ ಸೇರಿಸಿ ಬೈದ್ಲೇನು?" ಎಂದಳು ಸುಂಕಮ್ಮ.

"ಹೂಂ ಯವ್ವ."

"ಮಾರಿ ನೋಡಿ ಬೈದ್ಲೋ, ಬೆನ್ನ ಹಿಂದ ಬೈದ್ಲೋ?"

"ಟ್ರ್ಯಾಕ್ಟರ್‌ಗೆ ಅಡ್ಡ ನಿಂತು ಬೈದ್ಲು."

"ಹೆಸರೇನು?"

"ಜಂಬಮ್ಮ."

ಸುಂಕಮ್ಮನಿಗೆ ಸೊಸೆ ಸಿಕ್ಕಂತಾಯಿತು. ತನ್ನ ಮನೆಯಲ್ಲಿ ತನ್ನ ಬಾಯಿಗೆ ಸರಿಸಮನಾಗಿ ನಿಲ್ಲುವವರಿಲ್ಲದೆ ಅವಳಿಗೆ ಬೇಸರ ಬಂದಿತ್ತು. ಮಗನೋ, ಬೈದರೆ ಟ್ರ್ಯಾಕ್ಟರಿನ ಕೆಳಗೆ ಹೋಗಿ ಮಲಗುವವನು. ಗೋಡೆಯನ್ನು ಬೈದ ಹಾಗೆ.

ಆದರೆ ಜಂಬಮ್ಮನದೊಂದು ಹಟವಿತ್ತು. ಅವರ ಮನೆಯ ಕಸುಬು ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದು. ಅವಳ ಅಜ್ಜಿ ಹುಲುಗಮ್ಮ ಹಗಲು ಕೂಲಿಗೆ ಹೋಗಿ, ಇಳಿಹೊತ್ತಿನ ಮೇಲೆ ಚಿಮಣಿ ಬುಡ್ಡಿಯ ಮುಂದೆ ಕೂತು ಕೌದಿ ಹೊಲಿದು, ಹೊಗೆಗೋ ವಯಸ್ಸಿಗೋ ಕಣ್ಣು ಮಂಜಾಗಿ ಕೂತಿದ್ದಳು. ಗುಡ್ಡದ ಬುಡದ ಆ ಕೇರಿಗೆ ಕರೆಂಟಿನ ಕಂಬ ಇನ್ನೂ ಬಂದಿರಲಿಲ್ಲ. ಕುಣಿ ತೋಡಲು ಹೋದವರ ಹಾರೆ ಬಂಡೆಗೆ ಬಡಿದು ಬಾಗಿತ್ತು. "ನಾ ಚಿಮಣಿ ಇರೋ ಮನಿಗೆ ಹೋಗಂಗಿಲ್ಲ. ಬಲ್ಬಿರೋ ಮನಿ ನೋಡು" ಎಂದು ಜಂಬಮ್ಮ ತಂದೆ ಜೋಗಪ್ಪನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಬಳ್ಳಾರಿಯ ಕೌಲ್‌ಬಜಾರಿನಿಂದ ಒಂದು ಸಂಬಂಧವೂ ಬಂದಿತ್ತು. ಅವರ ಮನೆಯಲ್ಲಿ ಟ್ಯೂಬ್‌ಲೈಟೇ ಇತ್ತಂತೆ.

ಇದನ್ನು ಕೇಳಿದ ಕೂಡಲೇ ಸುಂಕಮ್ಮನ ತಲೆ ಕೆಟ್ಟಿತು. "ನಮ್ಮ ಮನಿ ಟಾಕೀಸ್ ಇದ್ದಂಗ ಬೆಳಗ್ತೈತಿ, ಬಂದು ನೋಡಿಕೊಂಡು ಹೋಗ್ರಿ ಅಂತ ಹೇಳು" ಎಂದು ಸಂಬಂಧದ ಸುದ್ದಿ ತಂದ ಮಧ್ಯಸ್ಥನ ಬಾಯಲ್ಲಿ ಹೇಳಿ ಕಳಿಸಿದಳು. ಹೇಳಿ ಕಳಿಸಿದ ಮೇಲೆ ಮೇಲೆ ನೋಡಿದಳು. ಹಳೆಯ ಮಣ್ಣಿನ ಮಾಳಿಗೆ, ಹೊಗೆ ಕುಡಿದು ಕಪ್ಪಾದ ಜಂತೆಗಳು. ನಲವತ್ತರ ಬಲ್ಬು ಅದರ ಕೆಳಗೆ ಕೂತು ಉಪವಾಸದ ಮುಖ ಮಾಡಿತ್ತು. ಮೋರೆ ಕಂಡರೆ ಪಾದ ಕಾಣುತ್ತಿರಲಿಲ್ಲ.

ಅವಳ ತಮ್ಮ ಗಾದೆಪ್ಪ ಬಳ್ಳಾರಿಯಲ್ಲಿ ಒಂದು ಟಾಕೀಸಿನ ಗೇಟ್ ಕಾಯುತ್ತಿದ್ದ. ಸುಂಕಮ್ಮ ಬಸ್ಸು ಹತ್ತಿ ಬಳ್ಳಾರಿಗೇ ಹೋದಳು. ಮ್ಯಾಟಿನಿ ಬಿಟ್ಟ ಜನರ ನಡುವೆ ತೂರಿ ತಮ್ಮನ ರಟ್ಟೆ ಹಿಡಿದಳು.

"ಲೇ ಗಾದಿ, ಟ್ಯೂಬ್‌ಲೈಟಿಗಿಂತ ದೊಡ್ಡದು ಏನೈತಿ?"

"ಸೂರ್ಯ ಅದಾನ" ಎಂದ ಗಾದೆಪ್ಪ.

"ಹಲ್ಲು ಕಿಸೀಬ್ಯಾಡ. ಒಂದ ಬಲ್ಬು. ಒಂದಕ್ಕಿಂತ ಹೆಚ್ಚು ಹಚ್ಚಂಗಿಲ್ಲ, ಕಾಯಿದಿ ಐತಿ. ಆದ್ರ ಆ ಒಂದರಾಗ ಎಲ್ಲಾ ಬರಬೇಕು."

ಟಾಕೀಸಿನ ವರಾಂಡದಲ್ಲಿ ಉರಿಯುತ್ತಿದ್ದ ಇನ್ನೂರು ಕ್ಯಾಂಡಲ್ ಬಲ್ಬನ್ನು ಮ್ಯಾನೇಜರನ ಕೈಕಾಲು ಹಿಡಿದು ಒಂದು ದಿನದ ಮಟ್ಟಿಗೆ ಕೇಳಿಕೊಂಡು, ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗಾದೆಪ್ಪ ಸಿರಿಗೇರಿಗೆ ಬಂದ. ಪಕ್ಕದಲ್ಲಿ ಕೂತ ಮುದುಕಿ, "ಎಷ್ಟು ತಿಂಗಳದಪ್ಪಾ ಕೂಸು?" ಎಂದು ಕೇಳಿದಳಂತೆ.

ಸುಂಕಮ್ಮನ ಲೆಕ್ಕಾಚಾರದಲ್ಲಿ ಕುಂದೇನೂ ಇರಲಿಲ್ಲ. ಹುಡುಗಿಯ ಕಡೆಯವರು ಮನೆ ನೋಡಲು ಬರುವುದು ಹಗಲೂಟಕ್ಕೆ. ಉಂಡ ಮೇಲೆ ಬಾಗಿಲು ಹಾಕಿ ಒಳಗೆ ಕತ್ತಲು ಮಾಡುವುದು. ಬಲ್ಬು ಹಚ್ಚುವುದು. ಅವರ ಕಣ್ಣು ಕುಕ್ಕುವಷ್ಟರಲ್ಲಿ ಆರಿಸುವುದು. ಹೊತ್ತು ಮುಳುಗುವ ಮೊದಲೇ ಬಸ್ಸು ಹತ್ತಿಸುವುದು. ಹುಳವೂ ಇಲ್ಲ, ಲೈನ್‌ಮನ್ನನೂ ಇಲ್ಲ. ನಲವತ್ತರ ಬಲ್ಬನ್ನು ಬಿಚ್ಚಿ ಜೋಳದ ಗಡಿಗೆಯಲ್ಲಿ ಹುಗಿದಿಟ್ಟಳು. ಬೆಳಗಿನಿಂದ ಹೋಳಿಗೆ ತಟ್ಟಿದಳು. ಒಲೆಯ ಹೊಗೆ ತುಂಬಿ ಗಾದೆಪ್ಪ ಕೆಮ್ಮತೊಡಗಿದಾಗ, "ಮಾಳಗಿ ಹತ್ತಿ ಬೆಳಕಿಂಡಿ ತೆರಿಯಲೇ" ಎಂದು ಕೂಗಿದಳು. ಬೆಳಕಿಂಡಿ ಎಂದರೆ ಆ ಕಡೆಯ ಮಣ್ಣಿನ ಮಾಳಿಗೆಗಳ ನಡುಮಧ್ಯೆ ಬಿಟ್ಟಿರುವ ದುಂಡನೆಯ ತೂತು. ಹಗಲು ಬೆಳಕು ಬರಲಿ, ಒಲೆಯ ಹೊಗೆ ಹೋಗಲಿ ಎಂದು. ಅದರ ಬಾಯಿಗೆ ಮುಚ್ಚಿದ್ದ ಚಪ್ಪಡಿಯನ್ನು ಗಾದೆಪ್ಪ ಸರಿಸಿ ಇಳಿದು ಬಂದ. ಹೊಗೆ ಹೋಯಿತು. ಚಪ್ಪಡಿಯ ನೆನಪು ಯಾರಿಗೂ ಉಳಿಯಲಿಲ್ಲ.

ಹಗಲೂಟದ ಹೊತ್ತು ಮೀರಿತು. ಬೀಗರಿಲ್ಲ. ನೆರಳು ಉದ್ದವಾಯಿತು, ಬೀಗರಿಲ್ಲ. ಮಾರೆಣ್ಣ ಕ್ರಾಸಿಗೆ ಹೋಗಿ ಬಂದ, ಮತ್ತೆ ಹೋದ. ಸುಂಕಮ್ಮ ಮೊದಲು ಮಧ್ಯಸ್ಥನನ್ನು ಬೈದಳು, ಆಮೇಲೆ ಬಸ್ಸನ್ನು ಬೈದಳು, ಕೊನೆಗೆ ಬೈಯಲು ಯಾರೂ ಉಳಿಯದೆ ಹೋಳಿಗೆಯನ್ನು ಬೈದಳು. ಕೋಳಿಗಳು ಬುಟ್ಟಿ ಸೇರುವ ಹೊತ್ತಿಗೆ ಒಂದು ಹೊಟ್ಟಿನ ಲಾರಿ ಬಂದು ನಿಂತು, ಅದರ ಮೇಲಿಂದ ಮೈಯೆಲ್ಲ ಹೊಟ್ಟು ಅಂಟಿಸಿಕೊಂಡ ಜೋಗಪ್ಪ ಇಳಿದ. ಬಳ್ಳಾರಿಯಿಂದ ಬಸ್ಸು ಹತ್ತಿದವನು ನಿದ್ದೆ ಹೊಡೆದು, ಸಿರಿಗೇರಿ ಕ್ರಾಸು ದಾಟಿ, ನೇರ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಎಚ್ಚರಾಗಿದ್ದ. ಹಿಂದಕ್ಕೆ ಬರಲು ಸಿಕ್ಕಿದ್ದು ಇದೊಂದೇ ಲಾರಿ.

ಅವನ ಹಿಂದೆ ಮುದುಕಿ ಹುಲುಗಮ್ಮ ಇಳಿದಳು. ಅವಳ ಕೈ ಹಿಡಿದು ಜಂಬಮ್ಮನೂ ಇಳಿದಳು.

ಮನೆ ನೋಡುವ ಶಾಸ್ತ್ರಕ್ಕೆ ಹುಡುಗಿಯೇ ಬರುವುದು ಯಾವ ಊರಿನ ಪದ್ಧತಿಯೂ ಅಲ್ಲ. ಸುಂಕಮ್ಮ ಹುಬ್ಬು ಏರಿಸಿದಳು.

"ಆಯಿಗೆ ಕಣ್ಣು ಕಾಣಂಗಿಲ್ಲ. ಕೈ ಹಿಡಿಯಾಕ ಯಾರಾರ ಬೇಕಲ್ರಿ" ಎಂದಳು ಜಂಬಮ್ಮ. ಹೇಳುತ್ತಲೇ ಅವಳ ಕಣ್ಣು ವೈರಿನ ಮೇಲೆ ಹರಿದು, ಕಂಬದಿಂದ ಗೋಡೆಗೆ, ಗೋಡೆಯಿಂದ ಬಾಗಿಲೊಳಗೆ ಹೋಯಿತು. ಬಾಗಿಲ ಬಳಿ ನಿಂತಿದ್ದ ಮಾರೆಣ್ಣನ ಮೇಲೂ ಹಾದುಹೋಯಿತು, ಆದರೆ ನಿಲ್ಲಲಿಲ್ಲ.

"ಹೊರಗ ಚಲೋ ಗಾಳಿ ಐತಿ. ಇಲ್ಲೇ ಎಲಿ ಹಾಕೂಣು" ಎಂದಳು ಸುಂಕಮ್ಮ.

"ನಾವು ಮನಿ ನೋಡಾಕ ಬಂದೀವಿ ತಂಗಿ. ಬೀದಿ ನಮ್ಮೂರಾಗೂ ಐತಿ" ಎಂದ ಜೋಗಪ್ಪ. ಒಳಗೆ ಹೋಗಿ ಕೂತ. ಒಳಗೆ ಆಗಲೇ ಕತ್ತಲು. "ಬಲ್ಬು ಹಚ್ಚಂಗಿಲ್ಲೇನು?"

"ಹುಳ ಬರ್ತಾವ್ರಿ ಮಾವ" ಎಂದ ಮಾರೆಣ್ಣ ಮೆಲ್ಲಗೆ.

"ಹುಳ ಎಲ್ಲೂರಾಗೂ ಅದಾವಪ್ಪ. ಹುಳಕ್ಕ ಅಂಜಿ ದೀಪ ಹಚ್ಚಲಾರದವರನ್ನ ನಾ ಇವತ್ತ ನೋಡಿದ್ದು." ಜೋಗಪ್ಪ ಗಂಟಲು ಸರಿಮಾಡಿಕೊಂಡ. "ಕೌಲ್‌ಬಜಾರಿನ ಮಂದಿ ಮಟಮಟ ಹಗಲಾಗ ಹಚ್ಚಿ ತೋರ್ಸಿದ್ರು. ಇದ್ದವರು ತೋರಿಸ್ತಾರ. ಇರಲಾರದವರು ಹುಳ ಗಿಳ ಅಂತಾರ."

ಕುರುಗೋಡಿನ ಗುಡ್ಡದ ಕಡೆಯವರು ಅವರು. ಜೋಳ, ಹತ್ತಿ ಬೆಳೆಯುವ ಬೆದ್ದಲು ಭೂಮಿ. ಅವರಿಗೆ ಹುಳ ಎಂದರೆ ದೀಪದ ಸುತ್ತ ತಿರುಗುವ ಒಂದು ಪತಂಗ, ಹೆಚ್ಚೆಂದರೆ ಎರಡು.

ಸುಂಕಮ್ಮನಿಗೆ ಪಿತ್ತ ನೆತ್ತಿಗೇರಿತು. ಅವಳ ಬುದ್ಧಿ ಎಷ್ಟೇ ಚುರುಕಾಗಿರಲಿ, ಸಿಟ್ಟು ಅದಕ್ಕಿಂತ ಒಂದು ಮಾರು ಮುಂದೆಯೇ ಓಡುತ್ತಿತ್ತು. "ಮಾರಿ, ಬಾಗಿಲು ಹಾಕು. ಗಾದಿ, ಕಿಟಕಿಗೆ ಚಾದರ ಬಿಗಿ. ಸಂದಿಗೆಲ್ಲಾ ಅರಿವಿ ತುರುಕು. ಒಂದು ಹುಳಾನೂ ಬರಂಗಿಲ್ಲ, ನಾ ನೋಡ್ತೀನಿ." ಹಾಗೇ ಕತ್ತಲಲ್ಲೇ ಎಲೆ ಹಾಕಿ, ತಡಕಾಡಿ ಹೋಳಿಗೆ ಬಡಿಸಿ, ತುಪ್ಪ ಸುರಿದು, ಹೋಗಿ ಸ್ವಿಚ್ಚು ಒತ್ತಿದಳು.

ಆ ಮನೆ ಕಟ್ಟಿದಾಗಿನಿಂದ ತನ್ನನ್ನು ತಾನು ಹಾಗೆ ನೋಡಿಕೊಂಡಿರಲಿಲ್ಲ. ಜಂತೆಯ ಮಸಿ, ಗೋಡೆಯ ಬಿರುಕು, ಬಿರುಕಿನಲ್ಲಿ ಕೂತಿದ್ದ ಹಲ್ಲಿ, ಗೂಟಕ್ಕೆ ನೇತಾಡುತ್ತಿದ್ದ ಮಾರೆಣ್ಣನ ತೂತು ಬನಿಯನ್, ಕೆಂಪಗಾಗಿದ್ದ ಮಾರೆಣ್ಣನ ಕಿವಿ, ಎಲ್ಲ ಒಟ್ಟಿಗೇ ಎದ್ದು ನಿಂತವು. ಜೋಗಪ್ಪನ ಕೈ ತುತ್ತಿನ ಸಮೇತ ಅರ್ಧದಲ್ಲೇ ನಿಂತಿತು. ಗಾದೆಪ್ಪ ತಾನೇ ಆ ಬಲ್ಬನ್ನು ಹಡೆದವನ ಹಾಗೆ ಮೀಸೆ ತಿರುವಿದ.

ಹುಲುಗಮ್ಮ ತಲೆ ಎತ್ತಿದಳು. ಅತ್ತ ಇತ್ತ ಹೊರಳಿಸಿದಳು.

"ಅಲ್ಲೊಂದು ಕೆಂಪು ಸೀರಿ ನಿಂತೈತಲ್ಲ, ಅದು ಯಾರು?"

ಜಂಬಮ್ಮನ ಕೈ ಅಜ್ಜಿಯ ಬೆನ್ನ ಮೇಲೆ ನಿಂತುಬಿಟ್ಟಿತು.

"ನಾನವ್ವ, ಸುಂಕಮ್ಮ" ಎಂದಳು ಸುಂಕಮ್ಮ. ಅವಳ ದನಿ ತಾನಾಗಿಯೇ ಮೆತ್ತಗಾಗಿತ್ತು.

"ದಪ್ಪಕ ಅದೀ ಬಿಡವ್ವ. ಚಲೋ ಅದೀ."

ಅಷ್ಟರಲ್ಲಿ ಜೋಗಪ್ಪನ ಹೋಳಿಗೆಯ ಮೇಲೆ ಏನೋ ಟಪ್ ಎಂದಿತು. ಹಸಿರಗೆ, ಎಳ್ಳುಕಾಳಿನಷ್ಟು. ಅವನು ಅದನ್ನು ಬೆರಳಿನಿಂದ ಚಿಮ್ಮಿದ. ಇನ್ನೊಂದು ಬಿತ್ತು. ತುಪ್ಪದಲ್ಲಿ ಎರಡು ಬಿದ್ದು ಈಜತೊಡಗಿದವು. ಸುಂಕಮ್ಮ ಬಾಗಿಲು ನೋಡಿದಳು, ಭದ್ರವಾಗಿತ್ತು. ಕಿಟಕಿ ನೋಡಿದಳು, ಚಾದರ ಬಿಗಿಯಾಗಿತ್ತು. ಆಮೇಲೆ ಮೇಲೆ ನೋಡಿದಳು. ಮಾಳಿಗೆಯ ನಡುಮಧ್ಯೆ ದುಂಡನೆಯ ಆಕಾಶ.

"ಗಾದಿ" ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಬಾಯಿ ತೆರೆದಿದ್ದರೆ ಬಾಯಿ ತುಂಬುತ್ತಿತ್ತು.

ವಿರೂಪಾಕ್ಷಪ್ಪನ ಗದ್ದೆಯ ಹುಳವೆಲ್ಲ ಆ ತೂತಿನಲ್ಲಿ ಇಳಿಯಿತು. ಮೊದಲು ಹಿಡಿ ಹಿಡಿಯಾಗಿ, ಆಮೇಲೆ ಮೊರದಲ್ಲಿ ಕೇರಿ ಸುರಿದ ಹಾಗೆ. ಸಾರಿನ ಮೇಲೆ ಹಸಿರು ಕೆನೆ ಕಟ್ಟಿತು. ಜೋಗಪ್ಪನ ಮೀಸೆ ಹಸಿರಾಯಿತು. ಗಾದೆಪ್ಪ ಬಲ್ಬನ್ನು ಉಳಿಸಲು ಟವೆಲ್ಲು ಬೀಸುತ್ತ ಕುಣಿಯತೊಡಗಿದ. ಅವನು ಬೀಸಿದಷ್ಟೂ ಹುಳ ಮಾರೆಣ್ಣನ ಅಂಗಿಯೊಳಗೆ ಹೋಗುತ್ತಿದ್ದವು, ಅವನೂ ಕುಣಿಯತೊಡಗಿದ. ಮುದುಕಿ ಹುಲುಗಮ್ಮ ಮಾತ್ರ ಎರಡೂ ಅಂಗೈ ಚಾಚಿ ಮೇಲೆ ನೋಡುತ್ತ ಕೂತಿದ್ದಳು. ಅವಳ ಮಂಜುಗಣ್ಣಿಗೆ ಆ ಬೆಳಕಿನಲ್ಲಿ ಮಿಣಮಿಣ ಎಂದು ಉದುರುವುದು ಬೇರೆಯೇ ಆಗಿ ಕಂಡಿತ್ತು.

"ಈಗ ಯಾಕ ಅಕ್ಷತಿ ಹಾಕಾಕತ್ತೀರಿ?" ಎಂದಳು. "ಇನ್ನಾ ಮಾತುಕತಿನ ಮುಗಿದಿಲ್ಲ."

ಮೊದಲು ನಕ್ಕವಳು ಜಂಬಮ್ಮ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಡೆಗೆ ಆತು, ಹೊಟ್ಟೆ ಹಿಡಿದು ನಕ್ಕಳು. ಅವಳನ್ನು ನೋಡಿ ಮಾರೆಣ್ಣ ನಕ್ಕ, ನಕ್ಕ ತಪ್ಪಿಗೆ ನಾಲ್ಕು ಹುಳ ನುಂಗಿದ.

"ಆರಿಸಲೇ ಅದನ್ನ" ಎಂದು ಸುಂಕಮ್ಮ ತಾನೇ ಸ್ವಿಚ್ಚಿನ ಮೇಲೆ ಎರಗಿದಳು. ನಿಧಾನವಾಗಿ ಒತ್ತಿದ್ದರೆ ಆರುತ್ತಿತ್ತೋ ಏನೋ. ಅವಳು ಒತ್ತಲಿಲ್ಲ, ಹೊಡೆದಳು. ಸ್ವಿಚ್ಚಿನ ಮೂಗು ಮುರಿದು ಕೈಗೆ ಬಂತು, ಬಲ್ಬು ಉರಿಯುತ್ತಲೇ ಉಳಿಯಿತು.

ಇನ್ನು ಉಳಿದದ್ದು ಓಡುವುದೊಂದೇ. ಬಾಗಿಲು ತೆಗೆದು ಎಲ್ಲರೂ ಬೀದಿಗೆ ಬಿದ್ದರು. ಸುಂಕಮ್ಮ ಹೋಳಿಗೆಯ ಬುಟ್ಟಿಯನ್ನು ಎದೆಗವಚಿಕೊಂಡು ಬಂದಳು. ಹುಲುಗಮ್ಮ ಏಳಲೊಲ್ಲಳು. "ನನಗ ಇಲ್ಲೇ ಕಾಣ್ತೈತಿ. ನಾ ಯಾಕ ಬರಲಿ?" ಎಂದು ಹಟ ಹಿಡಿದ ಅವಳನ್ನು ಜಂಬಮ್ಮನೂ ಗಾದೆಪ್ಪನೂ ಕೈಗಳನ್ನೇ ಕುರ್ಚಿ ಮಾಡಿ ಎತ್ತಿ ತಂದರು.

ಹೊರಗಿನಿಂದ ನೋಡಿದರೆ ಅದರ ಚಂದವೇ ಬೇರೆ. ಬೆಳಕಿಂಡಿಯಿಂದ ಬೆಳಕು ಮೇಲಕ್ಕೆದ್ದು, ಅದರ ತುಂಬ ಹುಳ ಗಿರಗಿರನೆ ತಿರುಗಿ, ಮಾಳಿಗೆಯ ಮೇಲೆ ಹೊನ್ನಿನ ಕಂಬವೊಂದು ನಿಂತ ಹಾಗಿತ್ತು. ಕೇರಿಯವರೆಲ್ಲ ಬಂದು ನಿಂತರು. ಬೆಳಗಾಯಿತೆಂದು ತಿಳಿದ ಕೋಳಿಗಳು ಬುಟ್ಟಿಯಿಂದ ಎದ್ದು ಒಳಗೆ ನುಗ್ಗಿ, ತಮ್ಮ ಏಳು ತಲೆಮಾರು ಕಾಣದ ಊಟಕ್ಕೆ ಕೂತವು. ಮನೆಯವರು ತೆರೆದ ಬಾಗಿಲಿನ ಮುಂದೆ ನಡುಬೀದಿಯಲ್ಲಿ ನಿಂತಿದ್ದರು; ಕಾಯಿದೆ ಹೇಳಿದ ಒಂದೇ ಬಲ್ಬು ಮನೆಯೊಳಗೆ ಒಂಟಿಯಾಗಿ ಉರಿಯುತ್ತಿತ್ತು.

ಜೋಗಪ್ಪನಿಗೆ ಮಾತ್ರ ನಗು ಬರಲಿಲ್ಲ. ಮೀಸೆಯಿಂದ ಹುಳ ಹೆಕ್ಕುತ್ತ, "ಕೌಲ್‌ಬಜಾರಾಗ ಟ್ಯೂಬ್‌ಲೈಟೂ ಐತಿ, ಹುಳಾನೂ ಇಲ್ಲ" ಎಂದ.

"ಅಲ್ಲಿ ಗದ್ದಿನೂ ಇಲ್ಲ. ಅಕ್ಕಿ ಸಂತ್ಯಾಗ ತಂದು ತಿಂತಾರ" ಎಂದಳು ಸುಂಕಮ್ಮ.

"ಸುಳ್ಳ ಹೇಳಿ ಕರೆಸ್ಕೊಳ್ಳಂಗಿಲ್ಲ ಅವರು."

"ನಾ ಏನ್ ಸುಳ್ಳ ಹೇಳೀನಿ? ಟಾಕೀಸ್ ಇದ್ದಂಗ ಬೆಳಗ್ತೈತಿ ಅಂದೆ. ನೋಡು, ಬೆಳಗಾಕತ್ತಿಲ್ಲೇನು? ಮಂದಿನೂ ಟಾಕೀಸಿಗೆ ಬಂದಂಗ ಬಂದಾರ."

ಜೋಗಪ್ಪ ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ. ಅದು ಹೊರಡುವವನ ಲಕ್ಷಣ. ಅದೇ ಹೊತ್ತಿಗೆ ಕೇರಿಯ ತುದಿಯಲ್ಲಿ ಸೈಕಲ್ ಬೆಲ್ಲು ಕೇಳಿಸಿತು. ಚಿದಾನಂದಪ್ಪ ಕ್ರಾಸಿನಿಂದಲೇ ಆ ಬೆಳಕಿನ ಕಂಬ ನೋಡಿಕೊಂಡು ಬಂದಿದ್ದ.

"ಇದು ನಲವತ್ತೇನು ಸುಂಕಮ್ಮ?"

"ಒಂದು ಮನಿ, ಒಂದು ಬಲ್ಬು. ಎರಡು ಕಾಯಿದಿ ಸರಿ ಅದಾವ. ಮೂರನೇದ್ದು ನೀವ ಒಳಗ ಹೋಗಿ ಓದಿಕೊಳ್ರಿ."

ಚಿದಾನಂದಪ್ಪ ಬಾಗಿಲವರೆಗೆ ಹೋದ. ತುಟಿ ಬಿಗಿ ಹಿಡಿದು, ಮೂಗು ಮುಚ್ಚಿಕೊಂಡು ಹಿಂದಕ್ಕೆ ಬಂದ. ವಿಭೂತಿಯ ಮೇಲೆ ಮೂರು ಹಸಿರು ಹುಳ ಅಂಟಿದ್ದವು. ಕರೆಂಟಿನ ಕಂಬ ಹತ್ತಿದ. ಪ್ಲೇಯರು ಕಟಕ್ ಎಂದಿತು.

ಮನೆ ಆರಿತು, ಹೊನ್ನಿನ ಕಂಬ ಆರಿತು, ಒಳಗೆ ಕೋಳಿಗಳು ಕೊಕ್ ಎಂದು ಸುಮ್ಮನಾದವು. ಸುಂಕಮ್ಮ ಹೋಳಿಗೆಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಒರಳುಕಲ್ಲಿನ ಮೇಲೆ ಕೂತಳು. ಬಲ್ಬು ಹೋಯಿತು. ಸೀಮೆಎಣ್ಣೆ ಮೊದಲೇ ಅರ್ಧ. ಬುಡ್ಡಿ ಹಚ್ಚುವ ಮನೆಗೆ ಬರುವುದಿಲ್ಲ ಎಂದವಳ ಎದುರಿಗೇ ಮನೆ ಬುಡ್ಡಿಯ ಮನೆಯಾಯಿತು. ಮಗ ಎಲ್ಲಿ ನಿಂತಿದ್ದಾನೋ ಕಾಣಲಿಲ್ಲ. ಕಾಣದ್ದೇ ಒಳ್ಳೆಯದಾಯಿತು ಎನಿಸಿತು. ಬೈಯಲು ಒಂದು ಮಾತೂ ಬಾಯಿಗೆ ಬರಲಿಲ್ಲ. ಅವಳ ಜನ್ಮದಲ್ಲಿ ಅದು ಮೊದಲ ಸಲ.

ಕತ್ತಲಲ್ಲಿ ಒಂದು ದನಿ ಕೇಳಿಸಿತು.

"ಲೈನ್‌ಮನ್ನಾರ, ಕೆಳಗ ಇಳೀರಿ. ಮಾತಾಡೋದೈತಿ."

ಜಂಬಮ್ಮನ ದನಿ. ಟ್ರ್ಯಾಕ್ಟರಿಗೆ ಅಡ್ಡ ನಿಂತ ದನಿ. ಚಿದಾನಂದಪ್ಪ ಇಳಿದ.

"ಇನ್ನೂರು ಹಚ್ಚಿದ್ದು ತಪ್ಪು. ನೀವು ಕಟ್ ಮಾಡಿದ್ದು ಸರಿ. ನಾಳಿ ಮುಂಜಾನಿ ಇಲ್ಲಿ ನಲವತ್ತಿಂದು ಇರ್ತೈತಿ. ಆವಾಗ ನೀವು ಲೈನ್ ಹಚ್ಚಬೇಕು. ಹಚ್ತೀರೋ ಇಲ್ಲೋ?"

"ಅರ್ಜಿ ಕೊಡಬೇಕಾಗ್ತೈತಿ..."

"ಕಟ್ ಮಾಡಾಕ ಯಾರ ಅರ್ಜಿ ತಗೊಂಡು ಬಂದ್ರಿ?"

ಕೇರಿಯಲ್ಲಿ ಯಾರೋ ಕಿಸಕ್ಕೆಂದರು. ಚಿದಾನಂದಪ್ಪ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ನೋಡಿದ. "ನಲವತ್ತು ಕಂಡ್ರ ಹಚ್ತೀನಿ. ನೀ ಯಾರವ್ವ?"

ಸುಂಕಮ್ಮ ಉಸಿರು ಹಿಡಿದಳು.

"ಇಲ್ಲಿ ಕೌದಿ ಹೊಲಿಯಾಕಿ" ಎಂದಳು ಜಂಬಮ್ಮ.

"ನಲವತ್ತು ಸಾಕೇನವ್ವ ಕೌದಿಗೆ?"

"ಸೂಜಿಗೆ ದಾರ ಪೋಣಿಸೋದು ಕಂಡ್ರ ಸಾಕು. ಹೊಗಿ ಇಲ್ಲಲ್ಲ. ಕಾರ್ತೀಕದಾಗ ಬಲ್ಬಿಗೆ ರಜಾ ಕೊಡೂಣು. ಭತ್ತ ಕೊಯ್ದ ಮ್ಯಾಲೆ ಹೊಲಿತೀನಿ."

ಜೋಗಪ್ಪ ಗಂಟಲು ಸರಿಮಾಡಿಕೊಂಡ. "ಲೇ ಜಂಬಿ, ಇನ್ನಾ ನಾ ಒಪ್ಪೇ ಇಲ್ಲ."

"ಅಕ್ಷತಿ ಬಿದ್ದು ಹೋಗ್ಯಾವ, ಈಗೇನು ಒಪ್ತೀ ನೀನು?" ಎಂದಳು ಹುಲುಗಮ್ಮ. "ನನ್ನ ತಲ್ಯಾಗ ಇನ್ನಾ ಅದಾವ, ಹರಿದಾಡಾಕತ್ತಾವ ನೋಡು. ಕೌಲ್‌ಬಜಾರಾಗ ನನಗ ಒಬ್ಬರ ಮಾರಿ ಕಂಡಿಲ್ಲ. ಇಲ್ಲಿ ಬೀಗತಿ ಸೀರಿ ಬಣ್ಣ ಕಂಡೈತಿ."

ಕೇರಿಗೆ ಕೇರಿಯೇ ನಕ್ಕಿತು. ಜೋಗಪ್ಪ ತಡೆದುಕೊಳ್ಳಲು ನೋಡಿದ, ಆಗಲಿಲ್ಲ; ಮೀಸೆಯಲ್ಲಿ ಉಳಿದಿದ್ದ ಒಂದು ಹುಳ ಮೂಗಿಗೆ ಹೋಗಿ ಸೀನು ಬಂತು, ಸೀನಿನ ಹಿಂದೆ ನಗು ಬಂತು. ಮಾರೆಣ್ಣ ಎಲ್ಲಿದ್ದನೋ, ಬೀದಿಯ ತುದಿಗೆ ನಿಲ್ಲಿಸಿದ್ದ ಗೌಡರ ಟ್ರ್ಯಾಕ್ಟರಿನ ಹಾರನ್ ಒಂದು ಸಲ ಪೋಂ ಎಂದಿತು. ಗಾದೆಪ್ಪ ಒಳಗೆ ತೆವಳಿ ಹೋಗಿ ಬಲ್ಬನ್ನು ಬಿಚ್ಚಿ, ಬಿಸಿಗೆ ಕೈ ಸುಟ್ಟುಕೊಂಡು, ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ಬಂದ.

ಸುಂಕಮ್ಮನಿಗೆ ಬಾಯಿ ಮರಳಿ ಬಂತು. "ಏನ್ ನಿಂತೀರಿ ಎಲ್ಲಾರೂ ಕಂಬದಂಗ? ಕೂಡ್ರಿ. ಶುಭದ ಮಾತಾಗೈತಿ, ಹೋಳಿಗಿ ತಿನ್ನದ ಯಾರೂ ಹೋಗಂಗಿಲ್ಲ. ಲೈನ್‌ಮನ್ನಾರ, ನೀವೂ ಕೂಡ್ರಿ."

"ಡ್ಯೂಟಿ ಮ್ಯಾಲೆ ಅದೀನಿ ಸುಂಕಮ್ಮ."

"ಕತ್ಲಾಗ ಯಾರಿಗೆ ಕಾಣ್ತೈತಿ ನಿಮ್ಮ ಡ್ಯೂಟಿ?"

ಚಿದಾನಂದಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಕೂತ. ಜಂಬಮ್ಮ ಸೆರಗು ಸಿಕ್ಕಿಸಿ ಬುಟ್ಟಿ ತೆಗೆದುಕೊಂಡು, ಕತ್ತಲಲ್ಲೇ ಕೈಯಿಂದ ಕೈಗೆ ಹೋಳಿಗೆ ಬಡಿಸುತ್ತ ಬಂದಳು. ಅವನು ಒಂದು ತುಂಡು ಮುರಿದು ಬಾಯಿಗಿಟ್ಟ. ಅಗಿದ. ಅಗಿಯುವುದನ್ನು ನಿಲ್ಲಿಸಿದ. ಮತ್ತೆ ಅಗಿದ.

"ಗರಿಗರಿ ಅನ್ನಾಕತ್ತೈತಲ್ಲ" ಎಂದ. "ಹೂರ್ಣದಾಗ ಎಳ್ಳು ಹಾಕೀರೇನು?"

ಸುಂಕಮ್ಮ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

"ಹೂಂ ರೀ" ಎಂದಳು ಜಂಬಮ್ಮ, ದನಿಯಲ್ಲಿ ಎಳ್ಳಷ್ಟೂ ಅಳುಕಿಲ್ಲದೆ. "ಹುರಿದ ಎಳ್ಳು. ನಮ್ಮ ಅತ್ತಿ ಕೈಗುಣ."

"ಹಂಗಾರ ಇನ್ನೊಂದು ಹಾಕು" ಎಂದ ಚಿದಾನಂದಪ್ಪ.